ಕೆಳಬೀದಿಯ ಸೊಸೆಯರ ಓಟು

ಸುನಂದಮ್ಮನ ಹಿಟ್ಟಿನ ಮಿಲ್ಲಿನಲ್ಲಿ ಮಾತುಕತೆ ಏನಿದ್ದರೂ ಕರೆಂಟ್ ಹೋದ ಮೇಲೆಯೇ. ಮಿಷನ್ ಓಡುತ್ತಿದ್ದರೆ ಪಕ್ಕದಲ್ಲಿ ನಿಂತವರ ಮಾತೂ ಕೇಳುತ್ತಿರಲಿಲ್ಲ. ಹಿಟ್ಟು ನುಣ್ಣಗೆ ಬೇಕೋ ತರಿಯಾಗಿ ಬೇಕೋ ಎಂಬುದನ್ನೂ ಹೆಂಗಸರು ಕೈಸನ್ನೆಯಲ್ಲೇ ಹೇಳುತ್ತಿದ್ದರು. ಕರೆಂಟ್ ಹೋಗಿ ಬೆಲ್ಟು ನಿಂತಿತೆಂದರೆ ಎಲ್ಲರೂ ರಾಗಿ ಚೀಲಗಳ ಮೇಲೆ ಕೂತುಬಿಡುತ್ತಿದ್ದರು. ಯಾರ ಮನೆ ಹಸು ಗಬ್ಬವಾಗಿದೆ, ಯಾರ ಮಗಳನ್ನು ನೋಡಲು ಗಂಡಿನವರು ಬಂದಿದ್ದರು, ಯಾರ ಬ್ಯಾರನ್ನಿನಲ್ಲಿ ಹೊಗೆಸೊಪ್ಪು ಸರಿಯಾಗಿ ಬೇಯಲಿಲ್ಲ, ಇವೆಲ್ಲ ಕೆಂಚೇಗೌಡನ ಕೊಪ್ಪಲಿನ ಕೆಳಬೀದಿಗೆ ಗೊತ್ತಾಗುತ್ತಿದ್ದುದು ಅಲ್ಲಿಯೇ.

ಗಾವಡಗೆರೆಯಿಂದ ಒಳದಾರಿ ಹಿಡಿದರೆ ಸಿಗುವ ಆ ಊರಿಗೆ ಸುನಂದಮ್ಮ ಕೆ.ಆರ್. ನಗರದ ಕಡೆಯಿಂದ ಸೊಸೆಯಾಗಿ ಬಂದವಳು. ಗಂಡ ಕಾಂತರಾಜು ಹೊಲ ಮತ್ತು ಹೊಗೆಸೊಪ್ಪು ಬೇಯಿಸುವ ಬ್ಯಾರನ್ ನೋಡಿಕೊಂಡರೆ ಮಿಲ್ಲು ಪೂರ್ತಿ ಅವಳದು. ದನಿ ದೊಡ್ಡದು. ಮಿಷನ್ನಿನ ಸದ್ದಿನ ಮೇಲೆ ಕೂಗಿ ಕೂಗಿ ಹಾಗಾಗಿತ್ತು ಎನ್ನುತ್ತಿದ್ದಳು. ಮದುವೆಯಾದ ದಿನದಿಂದಲೂ ಹಾಗೇ ಇತ್ತು ಎನ್ನುವುದು ಕಾಂತರಾಜುವಿನ ವಾದ.

ಮಿಲ್ಲಿನ ಮುಂದೆ ಚರಂಡಿ ಎನ್ನುವುದೇ ಇರಲಿಲ್ಲ. ಬಚ್ಚಲ ನೀರೆಲ್ಲ ಬಂದು ಬಾಗಿಲಲ್ಲೇ ನಿಲ್ಲುತ್ತಿತ್ತು. ತಲೆಯ ಮೇಲೆ ರಾಗಿ ಹೊತ್ತವರು ಸೀರೆ ಎತ್ತಿ ಹಿಡಿದು, ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ಬರಬೇಕು. ಒಂದು ಸಲ ಪಂಚಾಯ್ತಿ ಮೆಂಬರ್ ಮಹೇಶ್ಕುಮಾರ್, ತನ್ನ ಮನೆಯ ಮದುವೆಗೆ ಖಾರದ ಪುಡಿ ಮಾಡಿಸಲು ಬಂದವನು ಆ ಕಲ್ಲಿನಿಂದ ಜಾರಿ ಪ್ಯಾಂಟೆಲ್ಲ ಕೆಸರು ಮಾಡಿಕೊಂಡ. ಸುನಂದಮ್ಮ ಕಾಲು ತೊಳೆಯಲು ನೀರು ಕೊಟ್ಟು, ಸಮಯ ಸಿಕ್ಕಿತೆಂದು ಕೇಳಿಯೇಬಿಟ್ಟಳು.

"ಮೇಲಿನ ಬೀದೀಲಿ ಚರಂಡಿ ಮಾಡ್ಸಿ ಎಷ್ಟು ವರ್ಷ ಆಯ್ತು ಮಹೇಶಣ್ಣ? ನಾವೇನು ಪಾಪ ಮಾಡಿದ್ವಿ?"

ಮಹೇಶ್ಕುಮಾರ್ ಕೆಟ್ಟವನಲ್ಲ. ಮನಸ್ಸಿನಲ್ಲಿದ್ದುದನ್ನು ಮುಚ್ಚಿಡುವ ಅಭ್ಯಾಸ ಅವನಿಗಿರಲಿಲ್ಲ, ಅಷ್ಟೆ.

"ಬೇಜಾರು ಮಾಡ್ಕಬ್ಯಾಡಿ ಅಕ್ಕ. ಮೇಲಿನ ಬೀದಿಯೋರು ಊರೊಳ್ಗೇ ಹೆಣ್ಣು ತಂದವ್ರೆ. ಗಂಡ ಹೆಂಡ್ತಿ ಇಬ್ರ ಓಟೂ ಇಲ್ಲೇ ಅವೆ. ನಿಮ್ ಬೀದಿ ಸೊಸೇರೆಲ್ಲ ಆಚೆ ಊರೋರು. ಎಲೆಕ್ಷನ್ ಬಂತು ಅಂದ್ರೆ ಎಲ್ರೂ ಬಸ್ ಅತ್ಕಂಡು ತವರಿಗೆ ಓಗ್ಬುಡ್ತೀರಿ. ಪಂಚಾಯ್ತೀಲಿ ನಾನು ಕೆಳಬೀದಿ ಅಂತ ಬಾಯ್ಬುಟ್ರೆ, ಅಲ್ಲಿ ಓಟೆಲ್ಲಿವೆ ಅಂತ ಕೇಳ್ತಾರೆ."

ಖಾರದ ಪುಡಿ ತುಂಬಿಸಿಕೊಂಡು ಅವನು ಹೋದ. ಸುನಂದಮ್ಮನಿಗೆ ಸಿಟ್ಟು ಬಂದದ್ದು ಅವನ ಮೇಲಲ್ಲ; ಅವನು ಹೇಳಿದ್ದು ನಿಜವಾಗಿತ್ತಲ್ಲ, ಅದಕ್ಕೆ. ಅವಳು ಬೀದಿಯ ಮನೆಗಳನ್ನು ಒಂದೊಂದಾಗಿ ನೆನೆಸಿಕೊಂಡಳು. ಪದ್ಮಶ್ರೀಯ ಓಟು ಪಿರಿಯಾಪಟ್ಟಣದ ಹತ್ತಿರದ ಹಳ್ಳಿಯಲ್ಲಿ, ಸೌಂದರ್ಯಳದು ಎಚ್.ಡಿ. ಕೋಟೆ ಹತ್ತಿರದ ಹ್ಯಾಂಡ್‌ಪೋಸ್ಟ್ ಕಡೆ, ಇನ್ನೊಬ್ಬಳದು ಬೈಲಕುಪ್ಪೆ ಪಕ್ಕ. ಇಲ್ಲಿ ಬಾಳುವೆ, ಅಲ್ಲಿ ಓಟು.

ಪಂಚಾಯ್ತಿ ಎಲೆಕ್ಷನ್ನಿಗೆ ಇನ್ನೂ ಹಲವು ತಿಂಗಳಿತ್ತು. ಅಂಗನವಾಡಿ ಟೀಚರ್ ಪವಿತ್ರಾ ಆ ಊರಿನ ಮತದಾರರ ಪಟ್ಟಿ ನೋಡಿಕೊಳ್ಳುವ ಮತಗಟ್ಟೆ ಮಟ್ಟದ ಅಧಿಕಾರಿಯೂ ಆಗಿದ್ದಳು. ಸುನಂದಮ್ಮ ಹೋಗಿ ಕೇಳಿದ್ದಕ್ಕೆ, ವಿಳಾಸ ಬದಲಾಯಿಸುವ ಅರ್ಜಿ ಕೊಟ್ಟರೆ ಹೆಸರು ಈ ಊರಿಗೇ ಬರುತ್ತದೆ, ಮೊಬೈಲಿನಲ್ಲೇ ಮಾಡಬಹುದು ಎಂದಳು. "ನಾನು ಮನೆಮನೆಗೆ ಓಗಿ ಕೇಳಿವ್ನಿ ಅಕ್ಕ. ಒಬ್ರೂ ಬ್ಯಾಡ ಅನ್ನಲ್ಲ. ನಾಳೆ ಮಾಡ್ಸನ ಅಂತಾರೆ, ಟೀ ಕೊಟ್ಟು ಕಳುಸ್ತಾರೆ."

ಮಾರನೆಯ ದಿನ ಮಧ್ಯಾಹ್ನ ಕರೆಂಟ್ ಹೋದದ್ದೇ ಸುನಂದಮ್ಮ ವಿಷಯ ಎತ್ತಿದಳು. ಮೆಂಬರ್ ಹೇಳಿದ್ದನ್ನು ಅವನ ದನಿಯಲ್ಲೇ ಹೇಳಿ ತೋರಿಸಿದಳು. ಹೆಂಗಸರು ನಕ್ಕರು. ನಮ್ಮ ಓಟನ್ನೆಲ್ಲ ಈ ಊರಿಗೇ ತಂದುಕೊಳ್ಳೋಣ ಎಂದಳು ಸುನಂದಮ್ಮ.

ಮೊದಲು ಬಾಯಿಬಿಟ್ಟವಳು ಪದ್ಮಶ್ರೀ. "ಅಲ್ಲಿ ಹೆಸ್ರು ತೆಗುಸ್ಬುಟ್ರೆ ಅಪ್ಪನ ಆಸ್ತೀಲಿ ಭಾಗ ಸಿಗಾಕಿಲ್ವಂತೆ. ನಮ್ಮಣ್ಣನೇ ಹೇಳ್ದ."

"ಅವ್ನ ಊರಲ್ಲಿ ಒಂದೋಟು ಕಮ್ಮಿ ಆಯ್ತದಲ್ಲ, ನಿಮ್ಮಣ್ಣ ಹೇಳ್ದೆ ಇರ್ತಾನಾ," ಎಂದಳು ಸುನಂದಮ್ಮ. "ಓಟಿಗೂ ಆಸ್ತಿಗೂ ಸಂಬಂಧ ಇಲ್ಲ ಕಣವ್ವ. ಬೇಕಾರೆ ಪವಿತ್ರನ್ನ ಕೇಳು."

ಅದು ಸುಲಭದ ಮಾತಾಗಿತ್ತು. ಕಷ್ಟದ್ದು ಸೌಂದರ್ಯಳದು. ಮದುವೆಯಾಗಿ ಮೂರು ವರ್ಷವಾದ ಆ ಹುಡುಗಿ ಹಿಟ್ಟಿನ ಡಬ್ಬವನ್ನು ಮಡಿಲಲ್ಲಿಟ್ಟುಕೊಂಡು ಮೆಲ್ಲಗೆ ಹೇಳಿದಳು.

"ತವರಿಗೆ ಓಗ್ಬತ್ತೀನಿ ಅಂದ್ರೆ ಅತ್ತೆ ಈಗ ನಾಟಿ ಅಂತಾರೆ, ಆಮೇಕೆ ಬ್ಯಾರನ್ ಅಂತಾರೆ, ಆಮೇಕೆ ಹಸ ಕರು ಆಕೈತೆ ಅಂತಾರೆ. ಓಟು ಅಂದ್ರೆ ಮಾತ್ರ ಏನೂ ಅನ್ನಕಾಗಲ್ಲ ಅಕ್ಕ. ಸರ್ಕಾರ ಕರೀತೈತಲ್ಲ. ಅದ್ನೂ ಇಲ್ಲಿಗೆ ತಂದ್ಕಂಡ್ರೆ ನಾನು ನಮ್ಮವ್ವನ್ನ ನೋಡಾದು ಯಾವಾಗ?"

ಚೀಲಗಳ ಮೇಲೆ ಕೂತಿದ್ದ ಸೊಸೆಯರೆಲ್ಲ ತಲೆಯಾಡಿಸಿದರು. ಪವಿತ್ರಾಗೆ ಟೀ ಕೊಟ್ಟು ಕಳಿಸಿದ್ದರ ಗುಟ್ಟು ಸುನಂದಮ್ಮನಿಗೆ ಆಗ ತಿಳಿಯಿತು. ಅಷ್ಟಕ್ಕೇ ಬಿಡದೆ ಸೌಂದರ್ಯ ಕೇಳಿದಳು: "ನಿಮ್ ಓಟು ಎಲ್ಲೈತೆ ಅಕ್ಕ?"

ಸುನಂದಮ್ಮ ಸೆರಗಿನ ಹಿಟ್ಟು ಕೊಡವಿಕೊಂಡಳು. ಅವಳ ಓಟು ಇದ್ದದ್ದು ಕೆ.ಆರ್. ನಗರದ ಕಡೆ, ತಮ್ಮ ಮೂರ್ತಿಯ ಊರಿನಲ್ಲಿ. ಅಷ್ಟರಲ್ಲಿ ಪುಣ್ಯಕ್ಕೆ ಕರೆಂಟ್ ಬಂತು. ಎದ್ದು ಹೋಗಿ ಸ್ವಿಚ್ ಒತ್ತಿದಳು. ಹೆಂಗಸರು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದುದು ಕೇಳಿಸದಿದ್ದರೂ ಕಾಣಿಸುತ್ತಿತ್ತು.

ಅವತ್ತು ಸಂಜೆ ಮುದ್ದೆ ತೊಳಸುವಾಗ ಅವಳಿಗೆ ತವರಿನದೇ ನೆನಪು. ಎಲೆಕ್ಷನ್ ಬಂದಾಗಲೆಲ್ಲ ಮೂರ್ತಿ ಬೈಕಿನಲ್ಲಿ ಬಂದು ಕರೆದುಕೊಂಡು ಹೋಗುತ್ತಿದ್ದ. ಅವ್ವ ಇದ್ದಾಗ ಅವರೆಕಾಳು ಹಿಸುಕಿ ಸಾರು ಮಾಡಿಟ್ಟು, ಓಟು ಹಾಕಿ ಬಂದೆಯಾ ಎಂದು ಕೇಳುವುದನ್ನೂ ಮರೆತು ಎಲೆ ಹಾಕುತ್ತಿದ್ದಳು. ಅವ್ವ ಹೋದ ಮೇಲೂ ಆ ಪ್ರಯಾಣ ನಿಂತಿರಲಿಲ್ಲ. ಹಬ್ಬಕ್ಕೆ ಕರೆಯುವುದು ಕಡಿಮೆಯಾಗಿತ್ತು, ಓಟಿಗೆ ಕರೆಯುವುದು ಮಾತ್ರ ತಪ್ಪಿರಲಿಲ್ಲ.

ಊಟವಾದ ಮೇಲೆ ತಮ್ಮನಿಗೆ ಫೋನ್ ಮಾಡಿದಳು. ಓಟನ್ನು ಇಲ್ಲಿಗೆ ತಂದುಕೊಳ್ಳುವ ವಿಷಯ ಹೇಳಿದಳು.

"ಅಂಗಾರೆ ಇನ್ಮೇಲೆ ನೀನು ಬರಾದೇ ಇಲ್ವಾ ಅಕ್ಕ?"

"ಓಟಿಲ್ದಿದ್ರೆ ನೀನು ಕರೆಯಾದೇ ಇಲ್ವೇನ್ಲಾ?"

"ಅಂಗಲ್ಲ ಕಣಕ್ಕ," ಎಂದ ಮೂರ್ತಿ. "ನಂಗೆ ಸುಮ್‌ಸುಮ್ನೆ ಬಾ ಅಂತ ಕರೆಯಾಕೆ ಬರಲ್ಲ. ಅವ್ವ ಇದ್ದಾಗ ಅವ್ಳೇ ಕರೀತಿದ್ಲು. ಆಮೇಕೆ ಓಟು ಅನ್ನಾದು ಒಂದು ನೆಪ ಇತ್ತು. ಅದ್ಕೇ ಎಲೆಕ್ಷನ್ ಯಾವಾಗ ಬತ್ತದೆ ಅಂತ ಕಾಯ್ತಿದ್ದೆ."

ಸುನಂದಮ್ಮನ ಕಣ್ಣು ತುಂಬಿತು, ನಗುವೂ ಬಂತು. "ಬುಡು, ನಾನೇ ಬತ್ತೀನಿ. ಕರೀದಿದ್ರೂ ಬತ್ತೀನಿ," ಎಂದಳು. ಮರುದಿನ ಬೆಳಿಗ್ಗೆ ಮಿಲ್ಲು ತೆರೆಯುವ ಮೊದಲೇ ಅಂಗನವಾಡಿಗೆ ಹೋಗಿ, ಪವಿತ್ರಾಳ ಮೊಬೈಲಿಗೆ ತನ್ನ ಆಧಾರ್ ಕಾರ್ಡ್ ತೋರಿಸಿ ಅರ್ಜಿ ಹಾಕಿಸಿದಳು. ಆ ಬೀದಿಯ ಮೊದಲ ಅರ್ಜಿ ಅದು.

ಆದರೆ ಸೌಂದರ್ಯಳ ಪ್ರಶ್ನೆ ಹಾಗೇ ಇತ್ತು. ಅದಕ್ಕೆ ಉತ್ತರ ಕೊಡಬೇಕಾದವರು ಅತ್ತೆಯರು. ಸುನಂದಮ್ಮ ನೆಟ್ಟಗೆ ಸೌಂದರ್ಯಳ ಅತ್ತೆ ಪುಟ್ಟಸಿದ್ದಮ್ಮನ ಜಗುಲಿಗೆ ಹೋಗಿ ಕೂತಳು. ಪುಟ್ಟಸಿದ್ದಮ್ಮನ ಮಾತಿಗೆ ಕೆಳಬೀದಿಯ ಗಂಡಸರೂ ಹೆದರುತ್ತಿದ್ದರು.

"ದೊಡ್ಡತ್ತೆ, ನಿಮ್ ಮಗಳು ಶೃತಿ ಓಟಾಕಕ್ಕೆ ಇಲ್ಲಿಗೇ ಬರಾದಲ್ವಾ?"

"ಇನ್ನೆಲ್ಲಿಗೆ ಓದಾಳು? ಅವತ್ತೊಂದಿನ ಬತ್ತಾಳೆ ಅಂತ ಹಿಂದಿನ ದಿನವೇ ಕೋಳಿ ಇಡಿದಿಡ್ತೀನಿ."

"ಸೌಂದರ್ಯನ ಅವ್ವನೂ ಹ್ಯಾಂಡ್‌ಪೋಸ್ಟ್‌ನಲ್ಲಿ ಅಂಗೇ ಕೋಳಿ ಇಡಿದಿಡ್ತಾಳೆ."

ಪುಟ್ಟಸಿದ್ದಮ್ಮ ಎಲೆಗೆ ಸುಣ್ಣ ಹಚ್ಚುತ್ತಿದ್ದವಳು ಕೈ ನಿಲ್ಲಿಸಿ ದಿಟ್ಟಿಸಿ ನೋಡಿದಳು. "ನೀನು ಸುತ್ತಿ ಬಳಸಿ ಏನೇಳಕೆ ಬಂದೆ ಸುನಂದ?"

ಸುನಂದಮ್ಮ ನೇರವಾಗಿ ಹೇಳಿದಳು. ಸೊಸೆಯ ಓಟು ಈ ಊರಿಗೆ ಬರಲಿ. ಅವಳು ಬೆಳಿಗ್ಗೆ ಇಲ್ಲಿ ಓಟು ಹಾಕಲಿ, ಮಧ್ಯಾಹ್ನದ ಬಸ್ಸಿಗೆ ತವರಿಗೆ ಹೋಗಲಿ, ನಾಲ್ಕು ದಿನ ಇದ್ದು ಬರಲಿ. ಹಬ್ಬಕ್ಕೂ ಹೋಗಲಿ. ಈ ಮಾತನ್ನು ಅತ್ತೆಯೇ ಬಾಯಿಬಿಟ್ಟು ಹೇಳಬೇಕು.

"ನಾಕು ದಿನ ಹಸ ಯಾರು ಕರೆಯಾದು?"

"ನಿಮ್ ಮಗ ಕರೀಲಿ. ಇಲ್ಲಾಂದ್ರೆ ಚರಂಡಿ ಇಲ್ದೆ ನಿಂತಿರೊ ನೀರಲ್ಲಿ ಜಾರಿ ಬಿದ್ದು ಸೊಂಟ ಮುರ್ಕಂಡ್ಮೇಲೆ ನಿಮ್ಮನ್ನ ಯಾರು ನೋಡ್ಕತಾರೆ ಅನ್ನಾದ್ನೂ ಈಗ್ಲೇ ಯೋಚ್ನೆ ಮಾಡಿ."

ಪುಟ್ಟಸಿದ್ದಮ್ಮ ಎಲೆಯಡಿಕೆ ಬಾಯಿಗಿಟ್ಟುಕೊಂಡು ಬಹಳ ಹೊತ್ತು ಅಗಿದಳು. ಆಮೇಲೆ ಒಳಗೆ ತಿರುಗಿ ಕೂಗಿದಳು: "ಸೌಂದರ್ಯ, ಆಧಾರ್ ಕಾರ್ಡ್ ತಗಂಡು ಟೀಚರಮ್ಮನ ತಾವ್ಕೆ ಓಗ್ಬಾ ಓಗು. ಓಟಾಕ್ಬುಟ್ಟು ಓಗಿ ನಿಮ್ಮವ್ವನ್ನೂ ನೋಡ್ಕಂಡ್ ಬರೀವಂತೆ."

ಪುಟ್ಟಸಿದ್ದಮ್ಮ ಒಪ್ಪಿದಳೆಂದ ಮೇಲೆ ಉಳಿದ ಅತ್ತೆಯರು ಯಾವ ಲೆಕ್ಕ. ಒಪ್ಪದವರ ಮನೆಗೆ ಅವಳೇ ಹೋಗಿ ಬೈದು ಬಂದಳು. ತಿಂಗಳೊಳಗೆ ಕೆಳಬೀದಿಯ ಮುಕ್ಕಾಲು ಸೊಸೆಯರ ಹೆಸರು ಊರಿಗೆ ಬಂತು. ಹದಿನೆಂಟು ತುಂಬಿದ್ದರೂ ಹೆಸರು ಸೇರಿಸದ ಹುಡುಗಿಯರನ್ನೂ ಸುನಂದಮ್ಮ ಬಿಡಲಿಲ್ಲ. ದೋಸೆ ಹಿಟ್ಟಿಗೆ ಅಕ್ಕಿ ತಂದವಳನ್ನೂ ಮೊದಲು ವಯಸ್ಸು ಕೇಳುತ್ತಿದ್ದಳು.

ಸುದ್ದಿ ಹಬ್ಬಿತು. ಮಹೇಶ್ಕುಮಾರ್ ಮತ್ತೆ ಬಂದ, ಈ ಸಲ ಖಾರದ ಪುಡಿಯ ನೆಪವಿಲ್ಲದೆ.

"ಎಲೆಕ್ಷನ್‌ಗೆ ನಿಂತ್ಕತೀರಂತೆ ಅಕ್ಕ?"

"ನಾನು ನಿಂತ್ಕಂಡ್ರೆ ಮಿಲ್ಲು ಯಾರು ನಡ್ಸಾರು?"

"ಮತ್ತೆ ಯಾರ ಪರ ಇದೆಲ್ಲ?"

"ಚರಂಡಿ ಪರ," ಎಂದು ಸುನಂದಮ್ಮ ಮಿಷನ್ ಹಾಕಿದಳು. ಅವನು ಇನ್ನೇನೋ ಹೇಳಿದ, ಕೇಳಿಸಲಿಲ್ಲ. ಅಲ್ಲಿಂದ ಮುಂದೆ ಎಲೆಕ್ಷನ್ನಿಗೆ ನಿಂತವರೆಲ್ಲ ಒಬ್ಬರಾದ ಮೇಲೆ ಒಬ್ಬರು ಬಂದು ಮಿಲ್ಲಿನ ಮುಂದಿನ ಆ ನೀರನ್ನು ನೋಡಿ, ಛೆ ಛೆ ಎಂದು ಹೋದರು. ಅಷ್ಟು ಜನ ಗಣ್ಯರು ಕೆಳಬೀದಿಗೆ ಬಂದದ್ದನ್ನು ಯಾರೂ ಕಂಡಿರಲಿಲ್ಲ.

ಓಟಿನ ದಿನ ಬೆಳಿಗ್ಗೆ ಕಾಫಿ ಕುಡಿಯುತ್ತ ಕಾಂತರಾಜು ಕೇಳಿದ. "ಯಾರಿಗಾಕ್ತೀಯ?"

"ನೀವು ಯಾರಿಗಾಕ್ತೀರಿ?"

"ಅದ್ನ ಹೇಳಂಗಿಲ್ಲ."

"ಅಂಗಾರೆ ನಾನೂ ಹೇಳಂಗಿಲ್ಲ."

ಶಾಲೆಯ ಹತ್ತಿರ ಹೋದರೆ ಹೆಂಗಸರ ಸಾಲು ಗೇಟು ದಾಟಿ ರಸ್ತೆಗೆ ಬಂದಿತ್ತು. ಎಲ್ಲರೂ ಹೊಸ ಸೀರೆ ಉಟ್ಟು ಹೂ ಮುಡಿದಿದ್ದರು. ಒಬ್ಬೊಬ್ಬರ ಕೈಯಲ್ಲೂ ಬಟ್ಟೆ ತುಂಬಿದ ಬ್ಯಾಗು. ಓಟು ಹಾಕಿದ ಕೂಡಲೇ ಬಸ್ಸಿಗೆ ಹೋಗುವ ತಯಾರಿಯಲ್ಲಿ ಬಂದಿದ್ದರು. ಬಾಗಿಲಲ್ಲಿದ್ದ ಪೊಲೀಸಪ್ಪ ತಬ್ಬಿಬ್ಬಾದ.

"ಇದೇನ್ರಮ್ಮ, ಟೂರ್ ಹೊರಟಂಗಿದೆ? ಬ್ಯಾಗೆಲ್ಲ ಒಳಕ್ಕೆ ಬಿಡಂಗಿಲ್ಲ."

ಸಾಲಿನಲ್ಲಿ ಗದ್ದಲವೆದ್ದಿತು. ಆಗ ಪುಟ್ಟಸಿದ್ದಮ್ಮ ಮುಂದೆ ಬಂದಳು. ಅವಳು ಬೆಳಿಗ್ಗೆ ಏಳಕ್ಕೇ ಬಂದು ಓಟು ಹಾಕಿ ಆಗಿತ್ತು. "ಎಲ್ಲಾನೂ ಇಲ್ಲಿ ತಂದಾಕಿ," ಎಂದು ಹೊಂಗೆ ಮರದ ಕೆಳಗೆ ಕಾಲು ಚಾಚಿ ಕೂತಳು. ಬೀದಿಯ ಸೊಸೆಯರೆಲ್ಲ ತಮ್ಮ ಬ್ಯಾಗು, ಮೊಬೈಲು, ಮಕ್ಕಳನ್ನು ಅವಳ ಸುತ್ತ ಬಿಟ್ಟು ಸಾಲಿಗೆ ಮರಳಿದರು. ಬ್ಯಾಗುಗಳ ನಡುವೆ ಅವಳ ತಲೆಯಷ್ಟೇ ಕಾಣುತ್ತಿತ್ತು. ಪಕ್ಕದೂರಿನಿಂದ ಬಂದಿದ್ದ ಏಜೆಂಟನೊಬ್ಬ ಚೀಟಿ ಕೊಡುವ ನೆಪದಲ್ಲಿ ಹತ್ತಿರ ಬಂದದ್ದಕ್ಕೆ, ಬ್ಯಾಗು ಕದಿಯಲು ಬಂದೆಯಾ ಎಂದು ಗದರಿ ಕಳಿಸಿದಳು.

ಸುನಂದಮ್ಮನ ಸರದಿ ಬಂತು. ತವರಿನಲ್ಲಿ ಓಟು ಹಾಕುವಾಗ ಯಾವ ಗುರುತಿಗೆ ಎಂದು ಮೂರ್ತಿ ಹೇಳಿಕೊಟ್ಟದ್ದಕ್ಕೆ ಒತ್ತಿ ಬರುತ್ತಿದ್ದಳು. ಆ ಹೆಸರಿನವರು ಯಾರೆಂದೂ ಅವಳಿಗೆ ಗೊತ್ತಿರುತ್ತಿರಲಿಲ್ಲ. ಇಲ್ಲಿ ಪ್ರತಿಯೊಂದು ಹೆಸರಿನ ಮನೆಯೂ ಗೊತ್ತು, ಅವರ ಮನೆಗೆ ಹಿಟ್ಟು ಎಷ್ಟು ನುಣ್ಣಗೆ ಬೇಕೆಂಬುದೂ ಗೊತ್ತು. ಅಡ್ಡ ಇಟ್ಟಿದ್ದ ರಟ್ಟಿನ ಹಿಂದೆ ಸೀಲು ಹಿಡಿದು ಅವಳು ನಿಧಾನವಾಗಿ ಯೋಚಿಸಿದಳು. ಒಳಗಿದ್ದ ಅಧಿಕಾರಿ ಕೆಮ್ಮಿದರೂ ಅವಸರ ಮಾಡಲಿಲ್ಲ. ಹೊರಗೆ ಬಂದಾಗ ಈ ಊರು ತನ್ನದೇ ಎನ್ನಿಸಿತು. ಇಷ್ಟು ವರ್ಷ ಬಾಳಿದ ಮೇಲೆ ಅದು ಈಗ ಅನ್ನಿಸಿದ್ದಕ್ಕೆ ಅವಳಿಗೇ ಸೋಜಿಗವಾಯಿತು.

ಮಧ್ಯಾಹ್ನದ ಬಸ್ಸಿಗೆ ಅವಳೂ ಹತ್ತಿದಳು. ಹುಣಸೂರಿನಲ್ಲಿ ಇಳಿದಾಗ ಮೂರ್ತಿ ಬೈಕ್ ನಿಲ್ಲಿಸಿಕೊಂಡು ಕಾಯುತ್ತಿದ್ದ. "ಓಟಿಲ್ದಿದ್ರೂ ಕರಿಯಾಕೆ ಬಂದಿವ್ನಿ, ನೋಡ್ಕೊ," ಎಂದ. ಸೌಂದರ್ಯ ಎಚ್.ಡಿ. ಕೋಟೆ ಬಸ್ಸಿನ ಕಿಟಕಿಯಿಂದ ಇಂಕು ಹಚ್ಚಿದ ಬೆರಳು ತೋರಿಸುತ್ತ ಹೋದಳು.

ಗೆದ್ದವನು ಮಹೇಶ್ಕುಮಾರನೇ, ಕೆಲವೇ ಓಟುಗಳ ಅಂತರದಲ್ಲಿ. ಕೆಳಬೀದಿಯ ಹೆಂಗಸರ ಓಟಿನಿಂದಲೇ ಗೆದ್ದೆ ಎಂದು ಅವನು ನಂಬಿದ. ಅವರ ಓಟು ಬೀಳದೆಯೇ ಸೋತೆವು ಎಂದು ಸೋತವರು ನಂಬಿದರು. ಯಾರಿಗೆ ಹಾಕಿದೆವೆಂದು ಹೆಂಗಸರು ಯಾರೂ ಬಾಯಿಬಿಡಲಿಲ್ಲ.

ಮುಂಗಾರಿಗೆ ಮುಂಚೆ ಚರಂಡಿ ಆಯಿತು. ಮೇಲೆ ಮುಚ್ಚುವ ಚಪ್ಪಡಿ ಮಾತ್ರ ಬರಲಿಲ್ಲ. ದುಡ್ಡು ಬಂದಿಲ್ಲ, ಮುಂದಿನ ವರ್ಷ ನೋಡೋಣ ಎಂದರು. ಗ್ರಾಮಸಭೆಯ ದಿನ ಸುನಂದಮ್ಮ ಮಿಲ್ಲಿಗೆ ಬೀಗ ಹಾಕಿದಳು. ಅವಳ ಹಿಂದೆ ಪುಟ್ಟಸಿದ್ದಮ್ಮ, ಅವಳ ಹಿಂದೆ ಸೌಂದರ್ಯ, ಪದ್ಮಶ್ರೀ, ಬೀದಿಯ ಅತ್ತೆ ಸೊಸೆಯರೆಲ್ಲ ಪಂಚಾಯ್ತಿ ಆಫೀಸಿನ ಕಡೆ ನಡೆದರು. ಕಿಟಕಿಯಿಂದ ಅವರನ್ನು ಕಂಡ ಮಹೇಶ್ಕುಮಾರ್ ಎದ್ದು ನಿಂತು, ಇನ್ನೆರಡು ಜಮಖಾನ ತಂದು ಹಾಸುವಂತೆ ಜವಾನನಿಗೆ ಹೇಳಿದ.