ಅತ್ತೆಗೆ ಓದಿ ಹೇಳದ ಪುಟ

ಹದಿನಾರು ಗ್ರಾಮದ ಚಲುವಯ್ಯನವರ ಮನೆಯಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ಮಗಳು ರಂಜಿನಿ. ತಾಂಡ್ಯ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರ ಪ್ಯಾಕಿಂಗ್ ವಿಭಾಗದಲ್ಲಿ ಕೆಲಸ. ಶಿಫ್ಟ್ ಮುಗಿಸಿ ನಂಜನಗೂಡಿನಲ್ಲಿ ಊರ ಬಸ್ಸಿಗೆ ಕಾಯುವಾಗ ಮೊಬೈಲಿನಲ್ಲೇ ಕಥೆ ಬರೆಯುತ್ತಿದ್ದಳು. ಅದನ್ನು ಪುಸ್ತಕದ ದಾರಿಗೆ ಹಚ್ಚಿದವರು ತಿ. ನರಸೀಪುರದ ನಿವೃತ್ತ ನಾಗೇಂದ್ರ ಮೇಷ್ಟ್ರು. ಹೊಸಬರನ್ನು ಶನಿವಾರ ಮನೆಗೆ ಕರೆದು ಓದಿಸುವುದು, ತಿದ್ದುವುದು, ಪ್ರಕಾಶಕರ ಹತ್ತಿರ ಮಾತಾಡುವುದು ಎಲ್ಲ ಅವರದೇ. ಕಟ್ಟುಪಾಡು ಒಂದೇ: ಬದುಕಿರುವವರ ಬಗ್ಗೆ ಬರೆದರೆ, ಅಚ್ಚಿಗೆ ಹೋಗುವ ಮೊದಲು ಅವರಿಗೇ ಓದಿ ಹೇಳಬೇಕು.

ರಂಜಿನಿ ಸೋದರತ್ತೆ ಪಾಪಮ್ಮನಿಗೆ ಓದಿ ಹೇಳಿದ್ದಳು. ಗಂಡನ ಏಟು ತಾಳಲಾರದೆ ಕೂಸನ್ನು ಎತ್ತಿಕೊಂಡು ತಲಕಾಡಿನಿಂದ ತವರಿಗೆ ಹೊರಟುಬಂದ ಅತ್ತೆಯ ಕಥೆ. ಆದರೆ ನಡುವಿನ ಒಂದು ಪುಟ ಹಾರಿಸಿದ್ದಳು. ಆ ದಿನ ಪಾಪಮ್ಮ ಕೂಸಿನ ಸಮೇತ ಕಾವೇರಿಗೆ ಇಳಿದಿದ್ದಳು. ಎದೆಮಟ್ಟ ನೀರಿನಲ್ಲಿ ಕೂಸು ಕಿರುಚಿಕೊಂಡಾಗ ತಿರುಗಿ ಬಂದಿದ್ದಳು. ಒಮ್ಮೆ ಕಳೆ ಕೀಳುವಾಗ ರಂಜಿನಿಗೆ ಮಾತ್ರ ಹೇಳಿದ್ದು. ಆ ಕೂಸು ಮೇಘನಾ ಈಗ ಕಾಲೇಜು ಹುಡುಗಿ. ಅವಳಿಗೆ ಇದು ಗೊತ್ತಿಲ್ಲ. ಓದಿದರೆ ಅತ್ತೆ ಬೇಡವೆಂದಾಳು. ಪ್ರಕಾಶಕರು ಪುಸ್ತಕ ಒಪ್ಪಿದ್ದೇ ಆ ಪುಟ ಮೆಚ್ಚಿ. "ಪೂರ್ತಿ ಓದಿದೆ ಸಾರ್, ಒಪ್ಪಿದ್ರು" ಎಂದು ರಂಜಿನಿ ಮೇಷ್ಟ್ರಿಗೆ ಸುಳ್ಳು ಹೇಳಿಬಿಟ್ಟಳು.

ಅಚ್ಚಿಗೆ ಹೋಗುವ ಹಿಂದಿನ ದಿನ ಮೇಷ್ಟ್ರು ಕರಡು ಹಿಡಿದು ತಾವೇ ಪಾಪಮ್ಮನ ಮನೆಗೆ ಬಂದರು. ಸುದ್ದಿ ತಿಳಿದು ರಂಜಿನಿ ಓಡಿ ಬರುವಷ್ಟರಲ್ಲಿ ಕನ್ನಡಕ ಏರಿಸಿ ಕೂತಿದ್ದರು.

"ನಿಮ್ಮ ಕಥೆ ಹೇಗೆ ಬಂದಿದೆ ಕೇಳಿ ಪಾಪಮ್ಮ."

"ಅಯ್ಯೋ, ನಂದೂ ಒಂದ್ ಕತೆನಾ ಸಾ! ಓದಿ, ಓದಿ."

ಮೇಘನಾ ಕಂಬಕ್ಕೆ ಒರಗಿ ಕೂತಳು. "ಅದ್ರಲ್ಲಿ ನಾನೂ ಬತ್ತೀನಂತೆ. ಸಿಂಬಳ ಸುರಿಸ್ಕಂಡಿದ್ದೆ ಅಂತ ಬರ್ದಿದ್ರೆ ಸುಮ್ಕಿರಲ್ಲ ಕಣೆ ರಂಜಿನಕ್ಕ!"

ಮೇಷ್ಟ್ರು ಓದತೊಡಗಿದರು. ಏಟು ಮುಗಿಯಿತು, ಮರಳ ದಿಬ್ಬ ಮುಗಿಯಿತು. ಅವರು ಪುಟ ಮಗುಚಿದರು. "ಹೊಳೆಯ ದಡದಲ್ಲಿ ಅವಳು ಚಪ್ಪಲಿ ಬಿಟ್ಟಳು..."

ಅವರೆಕಾಯಿ ಸುಲಿಯುತ್ತಿದ್ದ ಪಾಪಮ್ಮನ ಕೈ ನಿಂತಿತು.

"ಸಾರ್, ನಿಲ್ಸಿ!" ರಂಜಿನಿ ಎದ್ದೇಬಿಟ್ಟಳು. "ಮೇಘು, ಸಾರ್‌ಗೆ ಟೀ ಇಡೋಗೆ."

"ತಡಿ, ಕತೆ ಕೇಳ್ಬುಟ್ಟು ಇಡ್ತೀನಿ."

"ಓಗು ಅಂದ್ರೆ ಓಗವ್ವ!" ಪಾಪಮ್ಮ ಗದರಿದಳು. ಮೇಘನಾ ಗೊಣಗುತ್ತ ಒಳಗೆ ಹೋದಳು.

"ಈ ಪುಟ ಅತ್ತೆಗೆ ಓದಿರ್ಲಿಲ್ಲ ಸಾರ್," ಎಂದಳು ರಂಜಿನಿ.

ಮೇಷ್ಟ್ರು ಕರಡನ್ನು ಮಡಿಲಿಗಿಳಿಸಿದರು.

"ನಿಂಗೆ ಅಂತ ಯೋಳ್ಕಂಡಿದ್ದು ಕಣವ್ವ," ಪಾಪಮ್ಮ ಪಿಸುಗುಟ್ಟಿದಳು. "ನಾಳೀಕೆ ಅವ್ಳು ಇದ ಓದ್ಬುಟ್ಟು ನನ್ನ ಮೊಕ ಎಂಗ್ ನೋಡಾಳು?"

ರಂಜಿನಿ ಅಂಗಳಕ್ಕಿಳಿದು ಪ್ರಕಾಶಕರಿಗೆ ಫೋನು ಮಾಡಿದಳು. "ಹೊಳೆಯ ಪುಟ ತೆಗೀಬೇಕು ಸಾರ್."

"ಅದು ಇಲ್ಲದ ಮೇಲೆ ಏನಮ್ಮ ಉಳೀತು? ಈ ಸಲ ಬಿಡಿ. ಬೇರೆಯವರ ಪುಸ್ತಕ ಮಾಡ್ತೀನಿ."

"ಆಯ್ತು ಸಾರ್."

ಒಳಗೆ ಬಂದು ಪುಸ್ತಕ ನಿಂತುಹೋಯಿತೆಂದು ಹೇಳಿದಳು. ಅಷ್ಟರಲ್ಲಿ ಮೇಘನಾ ಟೀ ತಂದಳು. "ಯಾಕಕ್ಕ, ಮೊಕ ಇಂಗ್ ಮಾಡ್ಕಂಡಿದ್ದೀಯ?"

"ನನ್ ಬುಕ್ಕು ಬರಾಕಿಲ್ಲ ಕಣೆ."

ಪಾಪಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. "ಸಾ, ಇವ್ಳು ಬೇರೆ ಏನಾರ ಬರೀತಾಳೆ. ಕೈ ಬುಡ್ಬ್ಯಾಡಿ ಇವಳ್ನ."

ಮೇಷ್ಟ್ರು ಲೋಟ ತೆಗೆದುಕೊಂಡರು. ರಂಜಿನಿಯ ಕಡೆ ನೋಡದೆಯೇ ಹೇಳಿದರು: "ಶನಿವಾರ ಬರ್ಲಿ. ಇನ್ಮೇಲೆ ಇವಳು ಓದಿ ಹೇಳೋವಾಗ ನಾನೂ ಪಕ್ಕದಲ್ಲಿ ಕೂತಿರ್ತೀನಿ."