ಜಾಲಿ ತೆಗೆಸಿದ ಗಾಡಿ

ಮೊನ್ನೆ ಆಯಿಲ್ ಬದಲಿಸಲೆಂದು ಬೀದರಿನಲ್ಲಿ ನಮ್ಮ ಮೆಕ್ಯಾನಿಕ್ ರಶೀದ್ ಭಾಯಿಯ ದುಕಾನಿಗೆ ಹೋಗಿದ್ದೆ. ಪಕ್ಕದಲ್ಲಿ ಯಾರದೋ ಬೈಕು ಚಾಲೂ ಆಗಿ ನಿಂತಿತ್ತು. ಅದರ ಹೊಗೆ ಮೂಗಿಗೆ ಬಡಿದದ್ದೇ ತಡ, ಕಣ್ಣು ಚುರುಗುಟ್ಟಿ ನೀರು ಬಂತು, ಬೆನ್ನಿಗೇ ನಗುವೂ ಬಂತು. ಹಸಿ ಪೆಟ್ರೋಲಿನ ಆ ಘಾಟು ನನಗೆ ಹೊಸದಲ್ಲ. ನಿಮಗೆ ಮಲ್ಲಿಗೆಯ ವಾಸನೆಯಿಂದ ಯಾರಾದರೂ ನೆನಪಾಗಬಹುದು. ನನಗೆ ಈ ಘಾಟಿನಿಂದ ನಾಗಪ್ಪ ಮಾವ ನೆನಪಾಗುತ್ತಾನೆ.

“ಸಾಬ್, ನಿಮ್ಮ ಗಾಡಿದೂ ಜಾಲಿ ತೆಗದು ಬಿಡ್ಲೇನ್ರಿ? ದಮ್ ಬರ್ತದ ನೋಡ್ರಿ,” ಅಂದ ರಶೀದ್ ಭಾಯಿ.

ಜಾಲಿ ಅಂದರೆ ಕ್ಯಾಟಲಿಟಿಕ್ ಕನ್ವರ್ಟರ್. ಸೈಲೆನ್ಸರಿನ ಹೊಟ್ಟೆಯಲ್ಲಿ ಕೂತು ಹೊಗೆಯ ವಿಷ ಕಡಿಮೆ ಮಾಡುವ, ಜೇನುಗೂಡಿನಂಥ ಲೋಹದ ತುಂಡು. ಇಷ್ಟು ದೊಡ್ಡ ಹೆಸರನ್ನು ನಮ್ಮೂರಿನಲ್ಲಿ ಯಾರು ಹೊತ್ತು ತಿರುಗುತ್ತಾರೆ? ಹೂಂ ಅನ್ನುವ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಸುಳ್ಳೇಕೆ, ಏರು ಬಂದರೆ ನನ್ನ ಗಾಡಿಯೂ ನನ್ನಂತೆಯೇ ಏದುಸಿರು ಬಿಡುತ್ತದೆ.

ಮಾವ ಅಂದರೆ ನನ್ನ ತಾಯಿಯ ತಮ್ಮ. ಭಾಲ್ಕಿ ತಾಲೂಕಿನ ಸಾಯಗಾಂವದಲ್ಲಿ ಕುರಿ ಸಾಕಿಕೊಂಡು, ತೊಗರಿ ಬಿತ್ತಿಕೊಂಡು ಆರಾಮಾಗಿರುವವನು. ಅವನಿಗೆ ಎರಡೇ ಚಟ: ತನ್ನ ಹೊಸ ಬೈಕನ್ನು ಒರೆಸುವುದು, ಭಾಲ್ಕಿಗೆ ಹೋಗಿ ಕದ್ದು ಜಿಲೇಬಿ ತಿನ್ನುವುದು. ಕದ್ದು ಯಾಕೆಂದರೆ ಅವನಿಗೆ ಸಕ್ಕರೆ ಕಾಯಿಲೆ, ಮನೆಯಲ್ಲಿ ಅತ್ತೆಯ ಪಹರೆ.

ಆದರೆ ಅತ್ತೆ ಆ ಗಾಡಿಯ ಮೇಲೆ ಕೂಡುತ್ತಿದ್ದ ಚೆಂದವನ್ನು ನೀವು ನೋಡಬೇಕಿತ್ತು. ಬಲಗೈ ಮಾವನ ಹೆಗಲ ಮೇಲೆ, ತೊಡೆಯ ಮೇಲೆ ಚೀಲ, ಬಾಯಲ್ಲಿ ಊರ ಸುದ್ದಿ. ಅತ್ತೆಯ ತವರು ಔರಾದ ತಾಲೂಕಿನ ಸಂತಪುರ. ಅಲ್ಲಿಗೆ ಮುಟ್ಟುವ ತನಕ ಸುದ್ದಿ ಮುಗಿಯುತ್ತಿರಲಿಲ್ಲ, ಮಾವನ “ಹೂಂ, ಹೂಂ” ಕೂಡ ನಿಲ್ಲುತ್ತಿರಲಿಲ್ಲ. ಮನೆಯಲ್ಲಿ ಎದುರುಬದುರು ಕೂತು ಇವರಿಬ್ಬರೂ ಅಷ್ಟು ಮಾತಾಡಿದ್ದನ್ನು ನಾನು ಕಂಡಿಲ್ಲ.

ಇಂಥ ಮಾವನನ್ನು ಇದೇ ರಶೀದ್ ಭಾಯಿಯ ಬಳಿ ಕರೆತಂದವನು ನಾನೇ. “ಕಾಕಾ, ಈ ಜಾಲಿ ಗಾಡಿ ಗಂಟಲಾಗ ಬಟ್ಟಿ ತುರಕಿದಂಗ ನೋಡ್ರಿ. ತೆಗದ್ರ ಗಾಡಿ ಹಗೂರ ಆಗ್ತದ, ಗಾಳಿ ಹೋದಂಗ ಹೋಗ್ತದ,” ಅಂದ ರಶೀದ್ ಭಾಯಿ. ಮಾವನ ಕಣ್ಣುಗಳು ಮಿಂಚಿದವು. ಪೈಪು ಕೊಯ್ದು, ಜಾಲಿ ತೆಗೆದು, ಬೋಳು ಕೊಳವೆ ಬೆಸೆದದ್ದಾಯಿತು. ತೆಗೆದ ತುಂಡನ್ನು ಮಾವ ಬೇಟೆ ಹೊಡೆದವನ ಹಾಗೆ ಮನೆಗೆ ಒಯ್ದು ಕುರಿಹಟ್ಟಿಯ ಮೂಲೆಗೆ ಎಸೆದ.

ಗಾಡಿ ಹೋಯಿತು, ಗಾಳಿಯಂತಲ್ಲ, ಗುಡುಗಿನಂತೆ. ಎಕ್ಸಿಲರೇಟರ್ ಬಿಟ್ಟರೆ ಪಟಪಟ ಪಟಾಕಿ. ನಿಧಾನ ಹೋಗುವಾಗ ಮೊದಲಿದ್ದ ಎಳೆತವೂ ಇಲ್ಲ. ಕುರಿಗಳು ದಿಕ್ಕಾಪಾಲು. ಹೊಗೆ ತಪಾಸಣೆಯವನು ಯಂತ್ರವನ್ನೊಮ್ಮೆ, ಮಾವನನ್ನೊಮ್ಮೆ ನೋಡಿ ಕೈಮುಗಿದ. ಎಲ್ಲಕ್ಕಿಂತ ದೊಡ್ಡ ಅನಾಹುತ ಜಿಲೇಬಿಗಾಯಿತು. ರೊಟ್ಟಿ ಬಡಿಯುತ್ತ ಕೂತ ಅತ್ತೆಗೆ ಗಾಡಿ ಹೊಲದ ಕಡೆ ತಿರುಗಿತೋ ಭಾಲ್ಕಿ ಕಡೆ ತಿರುಗಿತೋ ಒಲೆಯ ಮುಂದೆಯೇ ಕೇಳುತ್ತಿತ್ತು. “ನೋಡು, ಹೊಂಟ್ರು ಜಿಲೇಬಿಗಿ,” ಅನ್ನುತ್ತಿದ್ದಳು. ಮರಳಿ ಬಂದವನಿಗೆ ಹಾಗಲಕಾಯಿ ಪಲ್ಯ ಕಾದಿರುತ್ತಿತ್ತು.

ಜಾಲಿ ತೆಗೆಸಿದ ಮೇಲೆ ಅತ್ತೆ ಆ ಗಾಡಿಯನ್ನು ಒಂದೇ ಸಲ ಹತ್ತಿದಳು. ಅರ್ಧ ದಾರಿಗೆ ಕೆಮ್ಮು, ಕೆಂಪು ಕಣ್ಣು. ಹೇಳಿದ ಒಂದು ಸುದ್ದಿಯೂ ಮಾವನ ಕಿವಿಗೆ ಬೀಳಲಿಲ್ಲ. ಇಳಿದು ನಿಂತಳು. “ಇದರ ಬಾಯಿ ಮುಚ್ಚೂತನಾ ನಾ ಹತ್ತಂಗಿಲ್ಲ. ಸರ್ಕಾರದ ಬಸ್ ಹೆಣಮಕ್ಕಳಿಗಿ ಫುಕಟ್ ಅದ, ನನಗೇನ್ ಕಡಿಮಿ?” ಮಾವನೂ ಬಿಡಬೇಕಲ್ಲ! ಊರ ತುಂಬ ಗಾಡಿಯ ದಮ್ಮು ಹೊಗಳಿಕೊಂಡು ತಿರುಗಿದವನು ತಪ್ಪಾಯಿತು ಅನ್ನುತ್ತಾನೆಯೇ? ಹಿಂದಿನ ಸೀಟು ಖಾಲಿ ಉಳಿಯಿತು. ಮನೆಯ ಮಾತೂ ಕಡಿಮೆಯಾಯಿತು. ನಾನು ಹೋದಾಗ ಇಬ್ಬರೂ ನನ್ನ ಜೊತೆ ಮಾತಾಡುತ್ತಿದ್ದರು, ಒಬ್ಬರಿಗೊಬ್ಬರು ಅಲ್ಲ. ನನಗೆ ನಿಜಕ್ಕೂ ಹೆದರಿಕೆಯಾಗಿತ್ತು.

ಅಷ್ಟರಲ್ಲಿ ಸಂತಪುರದಲ್ಲಿ ಅತ್ತೆಯ ತಮ್ಮನ ಮಗಳ ಕುಬಸ, ಅಂದರೆ ಸೀಮಂತ ಬಂತು. ಆ ಮನೆಯಲ್ಲೊಂದು ಪದ್ಧತಿ. ಮಗಳು ಅಳಿಯ ಬಂದರೆ ಹೊಸ್ತಿಲ ಹೊರಗೆ ಜೋಡಿಯಾಗಿ ನಿಲ್ಲಿಸಿ, ರೊಟ್ಟಿ ತುಣುಕು, ನೀರು ನಿವಾಳಿಸಿಯೇ ಒಳಗೆ ಕರೆಯುವುದು. ಬೇರೆ ಬೇರೆ ಹೋದರೆ ಮುಗಿಯಿತು, ಮಧ್ಯಾಹ್ನದೊಳಗೆ ಔರಾದಿನವರೆಗೂ ಸುದ್ದಿ. ಅತ್ತೆ ಬಸ್ಸು ಬಿಡಲೊಲ್ಲಳು, ಮಾವ ಗಾಡಿ ಬಿಡಲೊಲ್ಲ. ಕೊನೆಗೆ ಬೀದರಿನಿಂದ ಬಸ್ಸು ಮುಂದೆ, ಮಾವ ಹಿಂದೆ. ನಾನು? ಅಂಜುಬುರುಕ, ಟಿಕೆಟ್ ತೆಗೆಸಿ ಅತ್ತೆಯ ಪಕ್ಕ ಕೂತಿದ್ದೆ. ನಿಲ್ದಾಣ ಬಂದಾಗಲೆಲ್ಲ ಹಿಂದಿನಿಂದ ಪಟಪಟ, ಬಸ್ಸಿನೊಳಗೆ ಘಾಟು. “ಯಾರ್ರಿ ಅವ ಖೋಡಿ?” ಅಂದ ಕಂಡಕ್ಟರ್. ಅತ್ತೆ ಸೆರಗು ಮೂಗಿಗೆ ಹಿಡಿದು, “ಯಾರೋ ಏನೋ,” ಅಂದಳು.

ಸಂತಪುರದಲ್ಲಿ ಇಳಿದಾಗ ಅತ್ತೆಯ ಮಾತು ಒಂದೇ: “ಬಸುರಿ ಇದ್ದ ಮನಿಗಿ ಈ ಸಪ್ಪಳ, ಈ ಹೊಗಿ ತರಬ್ಯಾಡ್ರಿ. ಬಂದ್ ಮಾಡ್ರಿ.” ಮಾವ ಬಂದ್ ಮಾಡಿದ. ಸ್ಟ್ಯಾಂಡಿನಿಂದ ಮನೆಯವರೆಗೆ ಅತ್ತೆ ಮುಂದೆ, ಹೊಸ ಧೋತರ ಉಟ್ಟು ಬೆವರು ಸುರಿಸುತ್ತ ಗಾಡಿ ನೂಕುವ ಮಾವ ಹಿಂದೆ, ನಗು ತಡೆಯಲಾಗದ ನಾನು ಇನ್ನೂ ಹಿಂದೆ. ಹೊಸ್ತಿಲಲ್ಲಿ ರೊಟ್ಟಿ ಹಿಡಿದು ನಿಂತ ಅತ್ತೆಯ ಅವ್ವ ಗಾಬರಿಯಾಗಿ, “ಗಾಡಿ ಕೆಟ್ಟದೇನ್ರಿ ಅಳಿಯಾರ?” ಅಂದಳು.

“ಗಾಡಿ ಛಲೋ ಅದ ಯವ್ವಾ, ನಡಸೋರ ತಲಿ ಕೆಟ್ಟದ. ಎರಡು ಸುತ್ತು ಜಾಸ್ತಿ ನಿವಾಳಸು,” ಅಂದಳು ಅತ್ತೆ. ಕುಬಸದ ಮನೆ ಬಿದ್ದು ಬಿದ್ದು ನಕ್ಕಿತು. ಮಾವನೂ ನಕ್ಕ, ಆದರೆ ಊಟಕ್ಕೆ ಕೂತಾಗ ಹೋಳಿಗೆಯನ್ನು ಮುಟ್ಟಲೇ ಇಲ್ಲ. ಕೈ ತೊಳೆಯುವಾಗ ನನ್ನ ಕಡೆ ವಾಲಿ, “ರಶೀದ್ ಖರೇನೇ ಹೇಳಿದ್ದ ತಮ್ಮಾ. ಗಾಡಿ ಹಗೂರ ಆಗ್ಯಾದ. ಹೆಗಲ ಮ್ಯಾಲ ಕೈ ಇಲ್ಲದ್ದು ನನಗ ತಡಕೊಳ್ಳಲಿಕ್ಕ ಆಗವಲ್ದು,” ಅಂದ. ನನ್ನ ನಗು ಅಲ್ಲೇ ನಿಂತಿತು.

ಮರುದಿನ ಸಾಯಗಾಂವದಲ್ಲಿ ಮಾವ, ನಾನು ಕುರಿಹಟ್ಟಿಯನ್ನೆಲ್ಲ ಜಾಲಾಡಿದೆವು. ಹಿಕ್ಕೆಯ ರಾಶಿ ಕೆದರಿದೆವು. ಜಾಲಿ ಇಲ್ಲ. ಅತ್ತೆ ಬಾಗಿಲಲ್ಲಿ ನಿಂತು ಸುಮ್ಮನೆ ನೋಡುತ್ತಿದ್ದಳು. ಕೊನೆಗೆ ಮಾವ, ಮುಖ ಎತ್ತದೆ, “ಏ, ಜಾಲಿ ಎಲ್ಲಿ ಅದ, ನೋಡಿಯೇನು?” ಅಂದ.

ಅತ್ತೆ ಒಳಗೆ ಹೋದಳು. ಜೋಳದ ಡಬ್ಬಿಯಲ್ಲಿ ಕೈ ಹಾಕಿ, ಹಳೆಯ ಧೋತರದಲ್ಲಿ ಸುತ್ತಿಟ್ಟ ಗಂಟನ್ನು ತಂದು ಅವನ ಕೈಗಿಟ್ಟಳು. ಒರೆಸಿ ಇಟ್ಟಿದ್ದಳು.

“ಇಷ್ಟು ದಿನಾ ನಿನ್ನ ಹಂತ್ಯಾಕೇ ಇತ್ತು! ಯಾಕ ಹೇಳಲಿಲ್ಲ?”

“ತೆಗಸೂ ಮುಂದ ನನಗ ಕೇಳಿದ್ರೇನು? ಹಿಂದ ಕೂಡಾಕಿ ನಾನು. ಇವತ್ತರ ಕೇಳ್ತಾರೇನು, ನಾಳಿಗರ ಕೇಳ್ತಾರೇನು ಅಂತ ಕಾಯ್ಲಿಕ್ಕತ್ತಿದ್ದೆ.”

ಅತ್ತೆಯ ಈ ಮಾತನ್ನು ಮೆಲುಕು ಹಾಕುತ್ತ ನಾನು ದುಕಾನಿನಲ್ಲಿ ಎಷ್ಟು ಹೊತ್ತು ನಿಂತಿದ್ದೆನೋ, ರಶೀದ್ ಭಾಯಿ ನಟ್ಟು ಬಿಚ್ಚುವ ಪಾನಾ ಕೈಯಲ್ಲಿ ಹಿಡಿದು ಕಾಯುತ್ತಿದ್ದ.

“ಏನ್ ಮಾಡ್ಲಿ ಸಾಬ್? ತೆಗೀಲೇನು?”

“ತಡೀರಿ, ಮನ್ಯಾಗ ಕೇಳಿ ಬರ್ತೇನಿ.”

“ಅರೇ! ಗಾಡಿ ನಡಸೋರು ನೀವು. ಮನ್ಯಾಗ ಏನ್ ಕೇಳ್ತೀರಿ?”

ನಾನು ಹಿಂದಿನ ಸೀಟಿನ ಧೂಳು ಕೊಡವಿದೆ. “ಇಲ್ಲಿ ಕೂಡೋರನ್ನ ಕೇಳಬೇಕಲ್ರಿ,” ಅಂದು ಗಾಡಿ ಚಾಲೂ ಮಾಡಿದೆ.