ಉಡಿದಾರ ಮತ್ತು ಕೊಬ್ಬಿನ ಲೆಕ್ಕ

ನನ್ನ ಮೈಯಲ್ಲಿ ಕೊಬ್ಬು ಎಷ್ಟಿದೆ ಎಂದು ನೀವು ಕೇಳಿದರೆ, ಯಾರ ಲೆಕ್ಕದಲ್ಲಿ ಎಂದು ಮರುಪ್ರಶ್ನೆ ಹಾಕುವಷ್ಟು ಪಂಡಿತ ನಾನು. ಈ ಪಾಂಡಿತ್ಯ ಬಂದದ್ದು ಹುರಿದ ಬಂಗಡೆಯ ಆಸೆಯಿಂದ.

ಮೊಬೈಲುಗಳಿಗೆ ಇನ್ನೂ ಗುಂಡಿಗಳಿದ್ದ ಕಾಲ. ಕಾರವಾರದಲ್ಲಿ ನನ್ನದು ಕೂತು ಮಾಡುವ ನೌಕರಿ. ರೋಗ ಒಂದೂ ಇರಲಿಲ್ಲ, ಹೊಟ್ಟೆ ಮಾತ್ರ ಇತ್ತು. ಒಂದು ದಿನ ನನ್ನ ಹೆಂಡತಿ ಸುಮಿತ್ರಾ, ಈ ಕೊಬ್ಬು ಇಳಿಯುವ ತನಕ ಮನೆಯಲ್ಲಿ ಮೀನು ಹುರಿಯುವುದಿಲ್ಲ ಎಂದುಬಿಟ್ಟಳು. ಅಂಕೋಲೆಯ ಹೆಣ್ಣು, ಆಡಿದ ಮಾತು ಹಿಂದೆ ತೆಗೆದುಕೊಳ್ಳುವವಳಲ್ಲ. ಅಂದೇ ನನ್ನ ಹಳೆಯ ಉಡಿದಾರ ಕತ್ತರಿಸಿ, ಹೊಸ ಕರಿದಾರವನ್ನು ಸೊಂಟಕ್ಕೆ ಬಿಗಿಯಾಗಿ ಕಟ್ಟಿ ತನ್ನದೇ ಒಂದು ಗಂಟು ಹಾಕಿದಳು. ನಾನು ಅದಕ್ಕೆ ಮಹತ್ವ ಕೊಡಲಿಲ್ಲ. ನನ್ನ ತಲೆಯಲ್ಲಿ ವಿಜ್ಞಾನವಿತ್ತು.

ಸಾದಾ ತೂಕದ ಯಂತ್ರ ಎಲುಬು, ನೀರು, ಮಾಂಸ, ಕೊಬ್ಬು ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿ ತೂಗುತ್ತದೆ. ಅದು ಬೇಡವೆಂದು ವ್ಯಾಯಾಮ ಶಿಕ್ಷಕನಾದ ಗೆಳೆಯನ ಬಳಿ ಹೋದೆ. ಅವನು ಚಿಮಟದಂಥ ಸಾಧನದಿಂದ ತೋಳು, ಬೆನ್ನು, ಸೊಂಟದ ಚರ್ಮ ಹಿಡಿದೆಳೆದು, ಗುಣಿಸಿ ಕೂಡಿಸಿ, ನೂರಕ್ಕೆ ಇಪ್ಪತ್ತೆಂಟು ಎಂದ. ಭಾವಮೈದುನ ಗೋವೆಯಿಂದ ತಂದುಕೊಟ್ಟ ಯಂತ್ರವೋ ಅಂಗಾಲಿನಿಂದ ಸಣ್ಣ ವಿದ್ಯುತ್ತು ಹರಿಸಿ, ಕೊಬ್ಬು ಅದನ್ನು ಎಷ್ಟು ತಡೆಯುತ್ತದೆಂದು ನೋಡಿ, ಮೂವತ್ಮೂರು ಎಂದಿತು. ಸಹಜವಾಗಿ ನಾನು ಚಿಮಟದ ಪಕ್ಷ ಸೇರಿದೆ. ನೀರೊಳಗೆ ಮುಳುಗಿಸಿ ತೂಗುವ ಕ್ರಮವೂ ಉಂಟೆಂದು ಓದಿ, ಮಾವನ ಮನೆಗೆ ಹೋದಾಗ ಬೇಲೆಕೇರಿಯ ಸಮುದ್ರದಲ್ಲಿ ಅಂಗಾತ ಮಲಗಿ ನೋಡಿದೆ. ಕೊಬ್ಬು ತೇಲುತ್ತದಂತೆ. ನಾನು ಎಷ್ಟು ಸೊಗಸಾಗಿ ತೇಲಿದೆನೆಂದರೆ, ಆ ಪ್ರಯೋಗದ ಫಲಿತಾಂಶವನ್ನು ಮನೆಯಲ್ಲಿ ಹೇಳಲಿಲ್ಲ.

ಮೂರು ತಿಂಗಳು ದಿನಾ ಬೆಳಿಗ್ಗೆ ಅಲೆಯಂಚಿನಲ್ಲಿ ನಡೆದೆ. ಒಂದು ದಿನ ಹಾಗೇ ಬಂದು ಯಂತ್ರ ಹತ್ತಿದರೆ, ಇಪ್ಪತ್ನಾಲ್ಕು! ಇಳಿದು ಮತ್ತೆ ಹತ್ತಿದೆ, ಇಪ್ಪತ್ನಾಲ್ಕೇ. ಸಂತೋಷ ತಡೆಯಲಾರದೆ ಅಡುಗೆಮನೆಗೆ ಓಡಿ, ಸುಮಿತ್ರಾಳನ್ನು ಕೈಹಿಡಿದು ಎಳೆದುತಂದೆ. ಅವಳು ಅಂಕಿ ನೋಡಲಿಲ್ಲ, ಬಾಗಿಲಿನಿಂದ ಯಂತ್ರದವರೆಗೆ ಮೂಡಿದ್ದ ನನ್ನ ಒದ್ದೆ ಹೆಜ್ಜೆಗಳನ್ನು ನೋಡಿದಳು.

“ಮೊದ್ಲು ಕಾಲು ಒರ್ಸ್ಕಣಿ, ಆಮೇಲೆ ಹತ್ತಿ ನೋಡ್ವ.”

ಒರೆಸಿ ಹತ್ತಿದೆ. ಮೂವತ್ತೊಂದು. ಉಪ್ಪುನೀರಿನಲ್ಲಿ ವಿದ್ಯುತ್ತು ಸಲೀಸಾಗಿ ಹರಿಯುತ್ತದೆಂಬುದು ಶಾಲೆಯಲ್ಲಿ ಕಲಿತದ್ದೇ, ಬಂಗಡೆಯ ಆಸೆಯಲ್ಲಿ ಮರೆತುಹೋಗಿತ್ತು. ನಿಜವಾಗಿ ದುಃಖವಾಯಿತು. ಸಮಾಧಾನಕ್ಕೆಂದು ಗೆಳೆಯನ ಬಳಿ ಓಡಿದೆ. ಚಿಮಟ ಇಪ್ಪತ್ತಾರು ಎಂದಿತು. ಒಂದಕ್ಕೊಂದು ತಾಳೆಯಿಲ್ಲ, ನಾನು ಯಾರನ್ನು ನಂಬಲಿ ಎಂದು ಮನೆಗೆ ಬಂದು ಗೋಳಾಡಿದೆ.

ಸುಮಿತ್ರಾ ನನ್ನ ಅಂಗಿ ಎತ್ತಿ ಉಡಿದಾರ ಹಿಡಿದಳು. ಮೂರು ತಿಂಗಳ ಹಿಂದೆ ಚರ್ಮದಲ್ಲಿ ಹೂತಿದ್ದ ದಾರದೊಳಗೆ ಈಗ ಅವಳ ಎರಡು ಬೆರಳು ಆರಾಮಾಗಿ ಹೋದವು. ಗಂಟನ್ನು ತಿರುಗಿಸಿ ತಿರುಗಿಸಿ ಪರೀಕ್ಷಿಸಿದಳು, ನಾನು ಬಿಚ್ಚಿ ಕಟ್ಟಿಲ್ಲ ತಾನೇ ಎಂದು.

“ಅದೇ ದಾರ, ಅದೇ ಗಂಟು. ಇಳ್ದದೆ. ಸಂಜಿಗೆ ಬಂಗಡೆ ತಕಂಡು ಬನ್ನಿ.”

ಆಗ ಹೊಳೆಯಿತು. ಚಿಮಟವೂ ಎರಡು ಇಳಿದಿತ್ತು, ಒಣಗಾಲಿನ ಯಂತ್ರವೂ ಎರಡು ಇಳಿದಿತ್ತು. ಒಂದನ್ನು ಇನ್ನೊಂದರ ಜೊತೆ ಜಗಳಕ್ಕೆ ಬಿಟ್ಟವನು ನಾನು. ಅವಳು ದಾರವನ್ನು ಅದೇ ದಾರದ ಜೊತೆ ಹೋಲಿಸಿದ್ದಳು.

ಸಂಜೆ ಎಲೆಯ ಮುಂದೆ ಕೂತೆ. ಆ ರುಚಿಯನ್ನು ಅಳೆಯುವ ಯಂತ್ರ ಗೋವೆಯಲ್ಲೂ ಸಿಕ್ಕಲಿಕ್ಕಿಲ್ಲ. ಮೂರನೆಯ ಬಂಗಡೆಗೆ ಕೈ ಚಾಚಿದಾಗ ಉಡಿದಾರ ಸೊಂಟಕ್ಕೆ ಒಂದಿಷ್ಟು ಒತ್ತಿತು. ನಾನು ಸುಮಿತ್ರಾಳ ಮುಖ ನೋಡಿ, ಕೈ ಹಿಂದೆ ತೆಗೆದುಕೊಂಡೆ.